ಚೊಗರಿನ ವಾಸನೆ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಹೊಸನಗರ ಕಡೆಯ ತೋಟದ ಮನೆಯ ಸೊಸೆ. ಚೊಚ್ಚಲ ಬಸಿರು, ಒಂಬತ್ತನೇ ವಾರ. ಶಿವಮೊಗ್ಗಕ್ಕೆ ಬರುವಾಗ ಬಸ್ಸಿನಲ್ಲೇ ಎರಡು ಸಲ ವಾಂತಿಯಾಗಿತ್ತು. ಸಲಹೆಗೆಂದು ನನ್ನೆದುರು ಕೂತಾಗಲೂ ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇತ್ತು. ಜೊತೆಗೆ ಅತ್ತೆ ಬಂದಿದ್ದರು.

"ನಾವೂ ಹೆತ್ತವರೇ ಮೇಡಂ. ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಅಡಿಕೆ ಸುಲಿಯಕ್ಕೆ ಕೂರ್ತಿದ್ವಿ. ಇವಳದ್ದು ಬರೀ ಮನಸ್ಸಿಂದು. ಸ್ವಲ್ಪ ಬುದ್ಧಿ ಹೇಳಿ" ಅಂದರು.

ಬುದ್ಧಿ ಹೇಳುವ ಬದಲು, ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀಯಾ ಅಂತ ಸುಮಾಳನ್ನು ಕೇಳಿದೆ. ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ. ಖಾಲಿ ಹೊಟ್ಟೆಗೆ ಕಾಫಿ. ಅದರ ಹಿಂದೆಯೇ ನಾದಿನಿಯ ಹತ್ತಿರ ಉಳಿದಿದ್ದ ಕಬ್ಬಿಣದ ಮಾತ್ರೆ. ಆಮೇಲೆ ಅಡಿಕೆ ಬೇಯಿಸುವ ಹಂಡೆ. ಕೊಯ್ಲಿನ ಕಾಲ ಅಲ್ವಾ, ಮನೆ ತುಂಬಾ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕಂದು ನೀರಿನ, ವಾಸನೆ. "ಮೂಗು ಮುಚ್ಚಿಕೊಂಡ್ರೂ ಗಂಟಲಲ್ಲೇ ಕೂತಿರತ್ತೆ" ಅಂದಳು.

ಅತ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಆಗ ನಿಜವಾದ ಭಯ ಬಾಯಿಗೆ ಬಂತು. "ಮಗು ಉಪವಾಸ ಇರತ್ತಾ ಮೇಡಂ?" ಈಗ ಅದು ಸಿಪ್ಪೆ ಸಮೇತದ ಒಂದು ಅಡಿಕೆಗಿಂತಲೂ ಚಿಕ್ಕದು, ಅದಕ್ಕೆ ಬೇಕಾದಷ್ಟು ನಿನ್ನ ಮೈಯಲ್ಲೇ ಇದೆ ಅಂದೆ. ತೂಕ 48ರಿಂದ 46.5 ಕೆ.ಜಿ.ಗೆ ಇಳಿದಿತ್ತು. ನೀರು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ಮೂತ್ರ ಸರಿಯಾಗಿ ಆಗುತ್ತಿತ್ತು.

ಅತ್ತೆಗೂ ವಿವರಿಸಬೇಕಿತ್ತು. ಈ ಸಂಕಟಕ್ಕೆ ಜಿಡಿಎಫ್15 ಅನ್ನೋ ಹಾರ್ಮೋನು ದೊಡ್ಡ ಕಾರಣ ಅಂತ 2023ರಲ್ಲಿ ಒಂದು ಸಂಶೋಧನೆ ಬಂತು. ಬಸುರಿಯಲ್ಲಿ ಅದು ಹೆಚ್ಚಾಗಿ ಮಗುವಿನ ಕಡೆಯಿಂದಲೇ ಬರುತ್ತದೆ. ಬಸಿರಿಗೆ ಮೊದಲು ಮೈಗೆ ಅದರ ಅಭ್ಯಾಸ ಕಡಿಮೆ ಇದ್ದವರಿಗೆ ಸಂಕಟ ಜಾಸ್ತಿ. "ಅಮ್ಮ, ನಿಮ್ಮ ಮೈ ಬೇರೆ, ಇವಳ ಮೈ ಬೇರೆ" ಅಂದೆ. ಅವರು ಒಪ್ಪಿದರೋ ಇಲ್ಲವೋ, ಸುಮ್ಮನಾದರು.

ಹಾಸಿಗೆ ಪಕ್ಕ ಮಂಡಕ್ಕಿ ಡಬ್ಬ ಇಟ್ಟುಕೊಳ್ಳಲು ಹೇಳಿದೆ. ಏಳುವ ಮೊದಲು ಒಂದು ಹಿಡಿ ತಿಂದು ಕಾಲು ಗಂಟೆ ಮಲಗಿರಬೇಕು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಅದೂ ಆರಿದ್ದು. ಬಿಸಿ ಅಡುಗೆಯ ವಾಸನೆ ಜಾಸ್ತಿ. ಇಲ್ಲಿ ನಾನೇ ಎಡವಿದೆ. ಶುಂಠಿ ಕಷಾಯ ಕುಡಿ ಅಂದಿದ್ದೆ, ಅದರ ಹಬೆಗೇ ವಾಂತಿಯಾಯಿತಂತೆ. ಅತ್ತೆಯೇ ಶುಂಠಿ ತಂಬುಳಿ ಮಾಡಿಕೊಟ್ಟರು, ಅದು ನಿಂತಿತು.

ಮಾತ್ರೆಯ ವಿಷಯ ನನ್ನದಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ಅವರು ಸದ್ಯಕ್ಕೆ ಫೋಲಿಕ್ ಆಮ್ಲ ಮಾತ್ರ ಸಾಕು, ಕಬ್ಬಿಣದ್ದು ನಾಲ್ಕನೇ ತಿಂಗಳಿಂದ ಅಂದರು. ವಾಂತಿಗೆ ಡಾಕ್ಸಿಲಮಿನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆ ಬರೆದರು. ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ನಿಂತರೆ ತಲೆ ತಿರುಗಿದರೆ, ಕಾಯದೆ ಆಸ್ಪತ್ರೆಗೆ ಬಾ ಅಂತ ನಾನು ಬರೆದುಕೊಟ್ಟೆ. ಆ ಚೀಟಿಯನ್ನು ಗಂಡನ ಕೈಗೇ ಕೊಡು ಅಂದೆ.

ಹಂಡೆಯ ಕೆಲಸವನ್ನು ಈಗ ಆ ಗಂಡನೇ ನೋಡಿಕೊಳ್ಳುತ್ತಾನೆ. ಹದಿನೈದನೇ ವಾರದಲ್ಲಿ ಸುಮಾ ಫೋನ್ ಮಾಡಿದಳು. ಗಂಜಿ, ಮಿಡಿ ಉಪ್ಪಿನಕಾಯಿ ಸೇರುತ್ತಿದೆ, ಹೋದ ತೂಕ ವಾಪಸ್ ಬಂದಿದೆ. ಕಾಫಿ ಮಾತ್ರ ಇನ್ನೂ ಆಗುತ್ತಿಲ್ಲವಂತೆ.