ಓದುಗರ ಪ್ರಶ್ನೆಗೆ ಉತ್ತರ: ಬಂದೂಕಿನ ಮರದ ಹಿಡಿಗೆ ಮನೆಯಲ್ಲೇ ಪಾಲಿಶ್

ಪ್ರಶ್ನೆ: ಹೊಲ ಕಾಯಲು ಲೈಸೆನ್ಸ್ ಇರುವ 12 ಬೋರ್ ಜೋಡಿ ನಳಿಗೆಯ ಬಂದೂಕು ನಮ್ಮದು. ಹಿಡಿಯ ಹಳೆ ಪಾಲಿಶ್ ಚಕ್ಕೆ ಎದ್ದಿದ್ದರಿಂದ ಕೆರೆದು, ಊರಿನ ಗಾಣದ ಅಗಸಿ ಎಣ್ಣೆಯನ್ನು ದಪ್ಪಗೆ ಹಚ್ಚಿದೆ. ಎರಡು ವಾರವಾದರೂ ಅಂಟುತ್ತಿದೆ, ಧೂಳು ಮೆತ್ತಿಕೊಂಡಿದೆ. ಏನು ಮಾಡಲಿ? (ಆಳಂದದಿಂದ ಒಬ್ಬ ಓದುಗರು)

ಉತ್ತರ: ಅಗಸಿ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಗಾಣದ ಹಸಿ ಎಣ್ಣೆಗೆ ಇದಕ್ಕೆ ವಾರಗಳೇ ಬೇಕು. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯ್ಲ್ಡ್' ಎಂದು ಸಿಗುವ ಅಗಸಿ ಎಣ್ಣೆಗೆ ಬೇಗ ಒಣಗಿಸುವ ಲೋಹದ ಲವಣ ಬೆರೆಸಿರುತ್ತಾರೆ, ಅದರ ತೆಳು ಲೇಪ ಒಂದೆರಡು ದಿನದಲ್ಲಿ ಒಣಗುತ್ತದೆ. ಹಸಿ ಎಣ್ಣೆಯನ್ನು ಮನೆಯಲ್ಲಿ ಕುದಿಸಿದರೆ ಆ ಗುಣ ಬರುವುದಿಲ್ಲ, ಬೆಂಕಿ ಹೊತ್ತಿಕೊಳ್ಳುವ ಅಪಾಯ ಮಾತ್ರ ಬರುತ್ತದೆ.

ಎಣ್ಣೆ ಬದಲಿಸಿದರೂ ದಪ್ಪಗೆ ಹಚ್ಚಿದರೆ ಇದೇ ಗತಿ. ಮೇಲೆ ಕೆನೆ ಕಟ್ಟುತ್ತದೆ, ಕೆಳಗಿನ ಎಣ್ಣೆಗೆ ಗಾಳಿ ತಾಗದೆ ಹಸಿಯಾಗಿಯೇ ಉಳಿಯುತ್ತದೆ. ಈಗಿರುವ ಅಂಟನ್ನು ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಪೂರ್ತಿ ಉಜ್ಜಿ ತೆಗೆಯಿರಿ. ಮೂರ್ನಾಲ್ಕು ದಿನ ನೆರಳಲ್ಲಿ ಆರಲು ಬಿಡಿ. ಆಮೇಲೆ ಮೊದಲಿನಿಂದ ಶುರು ಮಾಡಿ.

ಕೆಲಸಕ್ಕೆ ಕೂರುವ ಮುನ್ನ ಬಂದೂಕನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು ಎರಡೂ ನಳಿಗೆಯಲ್ಲಿ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ನಳಿಗೆ ಕಳಚಿ ಬೀಗದೊಳಗೆ ಇಡಿ. ಹಿಡಿಯನ್ನು ಕಬ್ಬಿಣದ ಭಾಗದಿಂದ ಬಿಚ್ಚುವ ಅಭ್ಯಾಸವಿಲ್ಲದಿದ್ದರೆ ಬಿಚ್ಚಲೇಬೇಡಿ. ಕಬ್ಬಿಣಕ್ಕೆ ಟೇಪ್ ಸುತ್ತಿದರೆ ಸಾಕು.

ಉಳಿದ ಹಳೆ ಪಾಲಿಶ್ ಯಾವುದೆಂದು ತಿಳಿಯಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ. ಮೆತ್ತಗಾಗಿ ಅಂಟಿದರೆ ಅದು ಚಪಡಾ (ಅರಗಿನ ಪಾಲಿಶ್), ಸ್ಪಿರಿಟ್ಟಿನಿಂದಲೇ ಹೋಗುತ್ತದೆ. ಇಲ್ಲವಾದರೆ ಪೇಂಟ್ ರಿಮೂವರ್ ಬೇಕು. ಕಾಸ್ಟಿಕ್ ಸೋಡಾ ಬೇಡ, ಮರ ಕಪ್ಪಾಗುತ್ತದೆ. ಆಮೇಲೆ 180, 240, 320 ನಂಬರಿನ ಸ್ಯಾಂಡ್‌ಪೇಪರನ್ನು ಅದೇ ಕ್ರಮದಲ್ಲಿ, ಮರದ ಎಳೆಯ ಗುಂಟ ಮಾತ್ರ ಉಜ್ಜಿ. ಕಾಗದದ ಹಿಂದೆ ಚಪ್ಪಟೆ ರಬ್ಬರ್ ತುಂಡು ಇರಲಿ. ಬರಿ ಬೆರಳಿನಿಂದ ಉಜ್ಜಿದರೆ ಅಲೆ ಅಲೆಯಾಗಿ ತಗ್ಗು ಬೀಳುತ್ತದೆ, ಪಾಲಿಶ್ ಆದ ಮೇಲೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಹೆಗಲಿಗೆ ಕೊಡುವ ಕಡೆಯ ಪ್ಲೇಟು ಹಾಗೇ ಇರಲಿ. ಅದನ್ನು ತೆಗೆದು ಉಜ್ಜಿದರೆ ಮರದ ಅಂಚು ದುಂಡಗಾಗಿ, ಮತ್ತೆ ಕೂರಿಸಿದಾಗ ಪ್ಲೇಟು ಹೊರಚಾಚುತ್ತದೆ. ಕಬ್ಬಿಣ ಕೂಡುವ ಅಂಚಿನಲ್ಲೂ ಕೈ ಹಗುರಾಗಿರಲಿ. ಅಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆ ಎತ್ತರದಲ್ಲಿರಬೇಕು, ಒಮ್ಮೆ ತಗ್ಗಿದರೆ ತುಂಬಲು ದಾರಿಯಿಲ್ಲ.

ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಒಣಗಿದಾಗ ನಾರು ಎದ್ದು ಒರಟಾಗುತ್ತದೆ, ಅದನ್ನು 400 ನಂಬರಿನಿಂದ ಸವರಿ. ಮೊದಲ ಲೇಪ ಎಣ್ಣೆ, ಟರ್ಪೆಂಟೈನ್ ಸಮಸಮ. ಮುಂದಿನವು ಬರೀ ಎಣ್ಣೆ: ಇಡೀ ಹಿಡಿಗೆ ಹತ್ತು ಹದಿನೈದು ಹನಿ ಸಾಕು. ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಿ. ಇಡೀ ಕೆಲಸದ ಜೀವ ಈ ಒರೆಸುವುದರಲ್ಲಿದೆ. ಬೆರಳು ಜಾರುವಷ್ಟು ಒಣಗಿದ ಮೇಲೆಯೇ ಮುಂದಿನ ಲೇಪ, ಒಟ್ಟು ಎಂಟು ಹತ್ತು ಬೇಕಾಗುತ್ತದೆ. ಅಕ್ರೋಟ್ ಮರದ ಸಣ್ಣ ರಂಧ್ರ ತುಂಬಬೇಕೆಂದರೆ ಎರಡನೇ ಲೇಪವನ್ನು 400 ನಂಬರಿನ ಕಾಗದದಿಂದಲೇ ತಿಕ್ಕಿ. ಮರದ ಹುಡಿ ಎಣ್ಣೆಯೊಡನೆ ಕಲೆತು ರಂಧ್ರಕ್ಕೆ ಕೂರುತ್ತದೆ. ಅದನ್ನು ಎಳೆಗೆ ಅಡ್ಡಲಾಗಿ ಒರೆಸಿ.

ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಕೂಡಿ ತಾನಾಗಿ ಬೆಂಕಿ ಹತ್ತುತ್ತದೆ. ನಮ್ಮ ಕಡೆಯ 40 ಡಿಗ್ರಿ ದಾಟುವ ಬಿಸಿಲಲ್ಲಿ ಇನ್ನೂ ಬೇಗ. ಹೊರಗೆ ಒಂದೊಂದಾಗಿ ಬಿಚ್ಚಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಪ್ರಶ್ನೆ: ಹಿಡಿ ಕಬ್ಬಿಣಕ್ಕೆ ಕೂಡುವಲ್ಲಿ ಮರ ಕಪ್ಪಾಗಿ, ಉಗುರು ಊರಿದರೆ ಇಳಿಯುವಷ್ಟು ಮೆತ್ತಗಾಗಿದೆ. ಉಜ್ಜಿದರೂ ಹೋಗುತ್ತಿಲ್ಲ. (ಭಾಲ್ಕಿ, ಬೀದರ್ ಜಿಲ್ಲೆ)

ಉತ್ತರ: ಬಂದೂಕಿನ ಎಣ್ಣೆ ಇಳಿದು ಮರ ಕುಡಿದಿದೆ. ಉಜ್ಜಿದರೆ ಮರ ಸವೆಯುತ್ತದೆಯೇ ಹೊರತು ಎಣ್ಣೆ ಹೊರಬರುವುದಿಲ್ಲ. ಪೇಂಟ್ ಅಂಗಡಿಯ ಚಾಕ್ ಪೌಡರನ್ನು ಅಸಿಟೋನ್‌ನಲ್ಲಿ ಕಲಸಿ ಚಟ್ನಿಯ ಹದಕ್ಕೆ ತಂದು ಮೂರು ಮಿಲಿಮೀಟರ್ ದಪ್ಪ ಮೆತ್ತಿ. ಒಣಗುತ್ತ ಪುಡಿ ಕಂದುಬಣ್ಣಕ್ಕೆ ತಿರುಗುತ್ತದೆ, ಅದೇ ಎಳೆದ ಎಣ್ಣೆ. ಬ್ರಷ್‌ನಿಂದ ಉದುರಿಸಿ ಮತ್ತೆ ಮೆತ್ತಿ, ಪುಡಿ ಬೆಳ್ಳಗೇ ಉಳಿಯುವವರೆಗೆ. ಅಂಗಳದಲ್ಲಿ, ಒಲೆ, ಬೀಡಿಯಿಂದ ದೂರ ಮಾಡಿ. ಅಸಿಟೋನ್ ಆವಿಗೆ ಕಿಡಿ ತಾಗಿದರೆ ಸಾಕು. ಇಷ್ಟಾದರೂ ಮರ ಗಟ್ಟಿಯಾಗದಿದ್ದರೆ ಆ ಬಂದೂಕು ಹಾರಿಸಬೇಡಿ, ಹಿಮ್ಮುಖ ಒದೆತಕ್ಕೆ ಹಿಡಿ ಸೀಳುತ್ತದೆ. ಮುಂದೆ ಎಣ್ಣೆ ಹನಿ ಲೆಕ್ಕದಲ್ಲಿ ಹಾಕಿ, ಕೆಲವು ದಿನ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿಡಿ.

ಪ್ರಶ್ನೆ: ಹಿಡಿಯಲ್ಲಿ ಬಡಿದ ತಗ್ಗುಗಳಿವೆ. ಕೈ ಹಿಡಿಯುವಲ್ಲಿನ ಚೌಕುಳಿ ಗೀರುಗಳಲ್ಲಿ ಕೊಳೆ ತುಂಬಿದೆ. (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ತಗ್ಗಿನ ಮೇಲೆ ಒದ್ದೆ ಹತ್ತಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂಗನ್ನು ಕೆಲವೇ ಕ್ಷಣ ಒತ್ತಿ, ಆವಿಗೆ ಅಮುಕಿದ ನಾರು ಉಬ್ಬಿ ಮೇಲೇಳುತ್ತದೆ. ನಾರು ಕತ್ತರಿಸಿದ್ದರೆ ಏಳುವುದಿಲ್ಲ. ಇದನ್ನು ಪಾಲಿಶ್ ತೆಗೆದ ಮೇಲೆ, ಸ್ಯಾಂಡ್‌ಪೇಪರ್ ಮುಟ್ಟುವ ಮೊದಲು ಮಾಡಿ. ಚೌಕುಳಿಯನ್ನು ಟರ್ಪೆಂಟೈನ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ, ಉಜ್ಜುವಾಗ ಅದರ ಮೇಲೆ ಟೇಪ್ ಇರಲಿ. ಅಲ್ಲಿಗೆ ಒಂದೇ ಲೇಪ ಎಣ್ಣೆ, ಬ್ರಷ್‌ನಿಂದಲೇ. ಹೆಚ್ಚಾದರೆ ಗೀರು ಮುಚ್ಚಿ ಹಿಡಿತ ಜಾರುತ್ತದೆ.

ಪ್ರಶ್ನೆ: ಈ ಕೆಲಸವನ್ನು ಬಡಿಗೇರರ ಅಂಗಡಿಗೆ ಕೊಟ್ಟು ಬರಬಹುದೇ? (ಚಿಂಚೋಳಿ)

ಉತ್ತರ: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ಇಟ್ಟುಕೊಳ್ಳುವುದೂ ರಿಪೇರಿ ಮಾಡುವುದೂ ಅಪರಾಧ. ಹಿಡಿ ಸೀಳಿದ್ದರೆ, ಕಬ್ಬಿಣದ ಭಾಗ ಅಲುಗಾಡುತ್ತಿದ್ದರೆ ರಿಪೇರಿಯ ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ ಒಯ್ಯಿರಿ, ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ.