ಓದುಗರ ಪ್ರಶ್ನೆ: ಕಾಲೇಜು ರಸ್ತೆಯ ಮಳಿಗೆ ಮಾರುವುದು ಹೇಗೆ?

ಪ್ರಶ್ನೆ: ವಿರಾಜಪೇಟೆಯಲ್ಲಿ ಕಾಲೇಜಿಗೆ ಹೋಗುವ ದಾರಿಯಲ್ಲೇ ನಮ್ಮದೊಂದು ಕಟ್ಟಡವಿದೆ. ಕೆಳಗೆ ನಾಲ್ಕು ಅಂಗಡಿ: ಜೆರಾಕ್ಸ್, ಹೋಟೆಲ್, ಟೈಲರ್, ಸ್ಟೇಷನರಿ. ಮೇಲಿನ ಹಾಲ್‌ನಲ್ಲಿ ಭರತನಾಟ್ಯ ಮತ್ತು ಚಿತ್ರಕಲೆ ತರಗತಿ ನಡೆಯುತ್ತವೆ. ಮಾರಬೇಕೆಂದಿದ್ದೇವೆ. ಬ್ರೋಕರ್ ಸೆಂಟಿಗೆ ಇಷ್ಟು ಎನ್ನುತ್ತಾರೆ, ನೆಂಟರು ಅದರ ಎರಡರಷ್ಟು ಎನ್ನುತ್ತಾರೆ. ಬೆಲೆ ಹೇಗೆ ಕಟ್ಟಬೇಕು?

ಉತ್ತರ: ಸೆಂಟಿನ ಲೆಕ್ಕ ಖಾಲಿ ನಿವೇಶನಕ್ಕೆ ಸರಿ. ಬಾಡಿಗೆ ಬರುವ ಕಟ್ಟಡವನ್ನು ಕೊಳ್ಳುವವರು ತಿಂಗಳಿಗೆ ಎಷ್ಟು ಕೈಸೇರುತ್ತದೆ ಎಂದು ನೋಡುತ್ತಾರೆ. ಹಾಗಾಗಿ ಲೆಕ್ಕ ಬಾಡಿಗೆಯಿಂದಲೇ ಶುರುವಾಗಲಿ.

ಉದಾಹರಣೆಗೆ, ಅಂಗಡಿಗೆ 9,000 ರೂ.ನಂತೆ ನಾಲ್ಕಕ್ಕೆ 36,000, ಹಾಲ್‌ಗೆ 8,000, ಒಟ್ಟು ತಿಂಗಳಿಗೆ 44,000 ರೂ. ಎಂದಿಟ್ಟುಕೊಳ್ಳಿ. ವರ್ಷಕ್ಕೆ 5.28 ಲಕ್ಷ. ಇದರಲ್ಲಿ ರಜೆಯ ಎರಡು ತಿಂಗಳು ಹಾಲ್‌ಗೆ ಅರ್ಧ ಬಾಡಿಗೆ ಮಾತ್ರ ಎಂದು 8,000, ಒಂದು ಅಂಗಡಿ ಒಂದು ತಿಂಗಳು ಖಾಲಿ ಬಿದ್ದರೆ 9,000, ಆಸ್ತಿ ತೆರಿಗೆ, ಬಣ್ಣ, ಸೋರಿಕೆ ರಿಪೇರಿಗೆ 40,000 ಕಳೆಯಿರಿ. ಉಳಿಯುವುದು 4.71 ಲಕ್ಷ. ಹಾಕಿದ ಹಣಕ್ಕೆ ನೂರಕ್ಕೆ 6 ಬೇಕೆನ್ನುವವರಿಗೆ ನಿಮ್ಮ ಕಟ್ಟಡದ ಬೆಲೆ 78.5 ಲಕ್ಷ. ನೂರಕ್ಕೆ 5 ಸಾಕು ಎನ್ನುವವರಿಗೆ 94.2 ಲಕ್ಷ. ನಡುವಿನ ಈ ಹದಿನೈದು ಲಕ್ಷಕ್ಕೂ ಮಿಕ್ಕಿದ ಅಂತರ ಬಹುಪಾಲು ನಿಮ್ಮ ಕೈಯಲ್ಲೇ ಇದೆ. ಬಾಡಿಗೆ ಬ್ಯಾಂಕ್ ಖಾತೆಗೆ ಬರುತ್ತಿದೆಯೇ, ಕರಾರು ಬರಹದಲ್ಲಿದೆಯೇ, ಪ್ರತಿ ಅಂಗಡಿಗೂ ಬೇರೆ ಮೀಟರ್ ಇದೆಯೇ ಎಂಬುದರ ಮೇಲೆ ಕೊಳ್ಳುವವರ ಧೈರ್ಯ ನಿಂತಿದೆ. ಬಾಡಿಗೆ ಕೈಯಿಂದ ಕೈಗೆ ನಗದಾಗಿ ಬರುತ್ತಿದ್ದರೆ ಇವತ್ತಿನಿಂದಲೇ ಖಾತೆಗೆ ಹಾಕಿಸಿಕೊಳ್ಳಿ. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟರೆ ಚೌಕಾಸಿಯ ದಾರಿಯೇ ಬದಲಾಗುತ್ತದೆ.

ಇನ್ನು ಹಾಲ್ ವಿಷಯ. ಇಲ್ಲಿ ಸ್ವಲ್ಪ ನಿಂತು ನೋಡಿ. ಕೊಡಗಿನ ಮಳೆಗೆ ಆರ್‌ಸಿಸಿ ತಾರಸಿ ಸೋರುತ್ತದೆಂದು ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸುತ್ತೇವೆ. ನಾಲ್ಕು ವರ್ಷ ಕಳೆದ ಮೇಲೆ ಸುತ್ತ ಗೋಡೆ ಎಬ್ಬಿಸಿ ಅದನ್ನೇ ಹಾಲ್ ಎಂದು ಬಾಡಿಗೆಗೆ ಕೊಡುತ್ತೇವೆ. ನಿಮ್ಮ ಹಾಲ್ ಅಂಥದ್ದಾದರೆ ಅದು ಮಂಜೂರಾದ ನಕ್ಷೆಯಲ್ಲೂ ಇರುವುದಿಲ್ಲ, ಆಸ್ತಿ ಖಾತೆಯ ಅಳತೆಯಲ್ಲೂ ಇರುವುದಿಲ್ಲ. ಕೊಳ್ಳುವವರು ಸಾಲಕ್ಕೆ ಹೋದಾಗ ಬ್ಯಾಂಕಿನ ಮೌಲ್ಯಮಾಪಕರು ಖಾತೆಯಲ್ಲಿ ಇರುವಷ್ಟಕ್ಕೆ ಮಾತ್ರ ಬೆಲೆ ಬರೆಯುತ್ತಾರೆ. ಮಾತು ಮುಗಿದು ಮುಂಗಡ ಕೊಟ್ಟ ಮೇಲೆ ವ್ಯಾಪಾರ ಮುರಿಯುವುದು ಹೆಚ್ಚಾಗಿ ಈ ಹಂತದಲ್ಲೇ. ಹಾಗಾಗಿ ಜಾಹೀರಾತು ಕೊಡುವ ಮೊದಲೇ ಟೇಪ್ ಹಿಡಿದು ಕಟ್ಟಡ ಅಳೆಯಿರಿ. ನಕ್ಷೆ, ಖಾತೆ, ನೆಲ ಮೂರೂ ತಾಳೆಯಾಗುತ್ತವೆಯೇ ನೋಡಿ. ಹೆಚ್ಚುವರಿ ಭಾಗಕ್ಕೆ ಅನುಮತಿ ಪಡೆಯಲು ಸಾಧ್ಯವಾದರೆ ಪಡೆಯಿರಿ. ಆಗದಿದ್ದರೆ ಇರುವುದನ್ನು ಇದ್ದಂತೆ ಹೇಳಿ, ಹಾಲ್ ಬಿಟ್ಟು ಬೆಲೆ ಕಟ್ಟಿ.

ಮೀಟರ್ ಬಗ್ಗೆಯೂ ಒಂದು ಮಾತು. ಮೇಲಿನ ಹಾಲ್‌ಗೆ ಮನೆ ದರದ ಮೀಟರ್‌ನಿಂದ ಕರೆಂಟ್ ಎಳೆದಿದ್ದರೆ ವಿದ್ಯುತ್ ಪೂರೈಸುವ ಸೆಸ್ಕ್‌ಗೆ ಅರ್ಜಿ ಕೊಟ್ಟು ವಾಣಿಜ್ಯ ದರಕ್ಕೆ ಬದಲಿಸಿಕೊಳ್ಳಿ. ತಪಾಸಣೆಯಲ್ಲಿ ಸಿಕ್ಕಿದರೆ ಬೀಳುವ ಹಿಂಬಾಕಿ ಮಾರಾಟದ ಹೊತ್ತಿಗೇ ಎದುರಾಗುತ್ತದೆ.

ಕಟ್ಟಡ ತೋರಿಸಲು ಕಾಲವೂ ಮುಖ್ಯ. ಏಪ್ರಿಲ್‌, ಮೇ ರಜೆಯಲ್ಲಿ ಬಂದವರಿಗೆ ಖಾಲಿ ರಸ್ತೆ ಕಾಣುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಂದವರಿಗೆ ಪಾಚಿ ಹಿಡಿದ ಪ್ಯಾರಾಪೆಟ್, ಶೀಟ್ ಜೋಡಿಸಿದಲ್ಲಿ ತೊಟ್ಟಿಕ್ಕುವ ನೀರು, ಗೋಡೆಯ ಬುಡದ ತೇವ ಕಾಣುತ್ತವೆ. ಕಾಫಿ ಕೊಯ್ಲು ಮುಗಿದು ಹಣ ಓಡಾಡುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ತರಗತಿಗಳೂ ನಡೆಯುತ್ತಿರುತ್ತವೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಟೆಲ್ ಮುಂದೆ, ಸಂಜೆ ನೃತ್ಯ ತರಗತಿ ಬಿಡುವಾಗ ಮೆಟ್ಟಿಲ ಬಳಿ ಜನ ಹೇಗೆ ಸೇರುತ್ತಾರೆಂದು ಅವರೇ ನೋಡಲಿ. ಸೋರಿಕೆಯನ್ನು ಮಾತ್ರ ಬಣ್ಣ ಬಳಿದು ಮುಚ್ಚಬೇಡಿ. ಶೀಟ್‌ನ ಸ್ಕ್ರೂ, ವಾಷರ್ ಬದಲಿಸಿ, ಮಳೆನೀರಿನ ಪೈಪ್ ಸರಿಮಾಡಿ, ಆ ಬಿಲ್ ಇಟ್ಟುಕೊಳ್ಳಿ. ಕಟ್ಟಡದ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ 2018ರ ಆಗಸ್ಟ್‌ನ ಭೂಕುಸಿತದ ನಂತರ ಅದನ್ನು ನೋಡದೆ ಯಾರೂ ಮಾತಿಗೆ ಕೂರುವುದಿಲ್ಲ. ತಡೆಗೋಡೆಯ ನೀರು ಹೊರಹೋಗುವ ತೂತುಗಳು ಮಣ್ಣು ಕಟ್ಟಿಕೊಂಡಿದ್ದರೆ ಬಿಡಿಸಿ. ನೀರು ಹಿಂದೆ ನಿಂತರೆ ಗೋಡೆ ಉಬ್ಬುತ್ತದೆ, ಎಂಜಿನಿಯರ್ ಮೊದಲು ನೋಡುವುದೂ ಅದನ್ನೇ.

ಪ್ರಶ್ನೆ: ಪೊನ್ನಂಪೇಟೆ ಸಮೀಪ ತಂದೆ ಕಟ್ಟಿಸಿದ ಮಳಿಗೆಗಳಿವೆ. ಜಾಗ ಮೂಲತಃ ಜಮ್ಮಾ (ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಹಿಡುವಳಿ). ತಂದೆ ಈಗಿಲ್ಲ. ನಾವು ಐವರು ಮಕ್ಕಳು, ಒಬ್ಬ ತಮ್ಮ ವಿದೇಶದಲ್ಲಿದ್ದಾನೆ. ಖರೀದಿದಾರರು ಸಿಕ್ಕಿದ್ದಾರೆ, ಬೇಗ ಮುಗಿಸಿ ಎನ್ನುತ್ತಿದ್ದಾರೆ.

ಉತ್ತರ: ಖರೀದಿದಾರರ ಆತುರಕ್ಕೆ ಮುಂಗಡ ತೆಗೆದುಕೊಳ್ಳಬೇಡಿ. ಮೊದಲು ಈ ಜಾಗ ಯಾರದು ಎಂಬುದಕ್ಕೆ ಕಾಗದದ ಮೇಲೆ ಉತ್ತರ ಬೇಕು.

ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು ಮುಂದಿದ್ದರೂ ಹಕ್ಕು ಒಕ್ಕದ, ಅಂದರೆ ಇಡೀ ಮನೆತನದ, ಎಲ್ಲರಿಗೂ ಸೇರಿದ್ದು. ಆದ್ದರಿಂದ ತಂದೆಗೆ ಈ ಭಾಗ ಹೇಗೆ ಬಂತು ಎಂದು ಹಿಂದಕ್ಕೆ ಹೋಗಿ ನೋಡಿ. ನೋಂದಾಯಿತ ಪಾಲುಪತ್ರ ಇದೆಯೇ, ಬಾಯಿಮಾತಿನ ಪಾಲೇ? ಬಾಯಿಮಾತಿನ ಪಾಲಾದರೆ ಒಕ್ಕದ ಉಳಿದವರು ಒಪ್ಪಿ ಸಹಿ ಹಾಕಿದ ದಾಖಲೆ ಇಲ್ಲದೆ ಯಾವ ವಕೀಲರೂ ಒಪ್ಪಿಗೆ ಬರೆದುಕೊಡುವುದಿಲ್ಲ. ಎರಡನೆಯದು, ಭೂಪರಿವರ್ತನೆ ಆದೇಶ. ಅದರಲ್ಲಿ ಉದ್ದೇಶ ‘ವಾಣಿಜ್ಯ’ ಎಂದಿರಬೇಕು. ವಾಸಕ್ಕೆಂದು ಪರಿವರ್ತಿಸಿ ಅಂಗಡಿ ಕಟ್ಟಿದ ಕಟ್ಟಡಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ, ಮಾರುವಾಗಲೇ ಅದು ಗೊತ್ತಾಗುವುದು. ಮೂರನೆಯದು ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ–ಸ್ವತ್ತಿನ ನಮೂನೆ 9 ಮತ್ತು 11ಎ, ಪಟ್ಟಣದ ಸ್ಥಳೀಯ ಸಂಸ್ಥೆಯಾದರೆ ಇ–ಆಸ್ತಿಯ ಇ–ಖಾತೆ. ಇವಿಲ್ಲದೆ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ನೋಂದಣಿ ಮುಂದೆ ಹೋಗದು. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ನಮೂನೆ 11ಬಿ ಇದ್ದರೆ ಸಾಲ ಕೊಡಲು ಬ್ಯಾಂಕ್‌ಗಳು ಹಿಂದೇಟು ಹಾಕುತ್ತವೆ.

ಜಾಗ ತಂದೆಯ ಸ್ವಂತದ್ದೆಂದು ಖಚಿತವಾಗಿ, ಉಯಿಲು ಇಲ್ಲದಿದ್ದರೆ ತಾಯಿ (ಇದ್ದರೆ) ಮತ್ತು ಐವರಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕತಂಗಿಯರೂ ಇದರಲ್ಲಿ ಸೇರಿದ್ದಾರೆ. ‘ಅವರೇನೂ ಕೇಳುವುದಿಲ್ಲ’ ಎಂಬ ಮಾತು ನೋಂದಣಿ ಕಚೇರಿಯಲ್ಲಿ ನಡೆಯದು. ಒಂದೋ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ವಂಶವೃಕ್ಷ, ಮರಣ ಪ್ರಮಾಣಪತ್ರ ತೆಗೆಸಿ, ಖಾತೆಯನ್ನು ವಾರಸುದಾರರ ಹೆಸರಿಗೆ ತಂದ ನಂತರ ಮಾರಾಟಕ್ಕಿಳಿಯಿರಿ.

ವಿದೇಶದ ತಮ್ಮ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಲಿ. ಅದರಲ್ಲಿ ಇದೇ ಆಸ್ತಿಯ ಚಕ್ಕುಬಂದಿ ಇರಲಿ. ಮಾರುವ, ಹಣ ಪಡೆಯುವ, ನೋಂದಣಿಗೆ ಹಾಜರಾಗುವ ಅಧಿಕಾರಗಳನ್ನು ಬಿಡಿಬಿಡಿಯಾಗಿ ಬರೆದಿರಲಿ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತವರೇ ಹೆಚ್ಚು. ತಮ್ಮ ಅನಿವಾಸಿಯಾದ್ದರಿಂದ ಅವನ ಪಾಲಿನ ಹಣದಲ್ಲಿ ಖರೀದಿದಾರರು ಮುಂಚೆಯೇ ಹಿಡಿಯಬೇಕಾದ ತೆರಿಗೆ (ಟಿಡಿಎಸ್) ಉಳಿದವರಂತೆ ನೂರಕ್ಕೆ 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರಕ್ಕೆ ಅವನು ಆದಾಯ ತೆರಿಗೆ ಇಲಾಖೆಗೆ ಮುಂಚೆಯೇ ಅರ್ಜಿ ಹಾಕಬಹುದು.

ಪ್ರಶ್ನೆ: ಕ್ರಯಪತ್ರದಲ್ಲಿ ಮಾರ್ಗಸೂಚಿ ದರ (ಸರ್ಕಾರ ನಿಗದಿಪಡಿಸಿದ ದರ) ಮಾತ್ರ ತೋರಿಸೋಣ, ಉಳಿದದ್ದು ನಗದು ಕೊಡುತ್ತೇನೆ ಎನ್ನುತ್ತಾರೆ ಖರೀದಿದಾರರು. ಒಪ್ಪಬಹುದೇ? (ಗೋಣಿಕೊಪ್ಪ)

ಉತ್ತರ: ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ, ಅಂದರೆ ನಿಮಗೆ. ಉಳಿತಾಯವಾಗುವುದು ಮುಖ್ಯವಾಗಿ ಅವರಿಗೇ: ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರ, ಅಧಿಭಾರ, ಜೊತೆಗೆ 2025ರ ಆಗಸ್ಟ್ 31ರಿಂದ ನೂರಕ್ಕೆ 2 ಆಗಿರುವ ನೋಂದಣಿ ಶುಲ್ಕ. ಅವರ ಉಳಿತಾಯಕ್ಕೆ ನೀವು ತಲೆ ಕೊಡುವುದೇಕೆ?

ನಿಜವಾದ ಬೆಲೆಯೇ ಮಾರ್ಗಸೂಚಿ ದರಕ್ಕಿಂತ ಕಡಿಮೆಯಿದ್ದರೆ ಅದು ಬೇರೆ ಮಾತು. ಶುಲ್ಕ ಮಾರ್ಗಸೂಚಿ ದರದ ಮೇಲೆಯೇ ಬೀಳುತ್ತದೆ. ಆದಾಯ ತೆರಿಗೆಯಲ್ಲಿ ಮಾತ್ರ ನೂರಕ್ಕೆ 10ರವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ. 78.5 ಲಕ್ಷಕ್ಕೆ ಮಾರಿ, ಮಾರ್ಗಸೂಚಿ ಮೌಲ್ಯ 85 ಲಕ್ಷ ಇದ್ದರೆ ತೊಂದರೆಯಿಲ್ಲ. 90 ಲಕ್ಷ ಇದ್ದರೆ ನೀವು 90ಕ್ಕೇ ಮಾರಿದಿರೆಂದು ಲೆಕ್ಕ ಹಿಡಿಯುತ್ತಾರೆ.

ಪ್ರಶ್ನೆ: ಕುಶಾಲನಗರದ ಹಳೆಯ ಮಳಿಗೆಯನ್ನು 2025–26ರಲ್ಲಿ 90 ಲಕ್ಷಕ್ಕೆ ಮಾರಿದ್ದೇವೆ. ತೆರಿಗೆ ಎಷ್ಟು?

ಉತ್ತರ: ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದರೆ ಅದು ದೀರ್ಘಾವಧಿ ಲಾಭ. 2024ರ ಜುಲೈ 23ಕ್ಕೆ ಮೊದಲು ಬಂದ ಆಸ್ತಿಯಾದರೆ ಭಾರತದಲ್ಲಿ ನೆಲೆಸಿದವರಿಗೆ ಎರಡು ದಾರಿಯಿವೆ: ಹಣದುಬ್ಬರದ ಲೆಕ್ಕವಿಲ್ಲದೆ ಲಾಭದ ನೂರಕ್ಕೆ 12.5, ಅಥವಾ ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಉಳಿದ ಲಾಭದ ನೂರಕ್ಕೆ 20. ಎರಡನ್ನೂ ಹಾಕಿ ನೋಡಿ. 2008–09ರಲ್ಲಿ 12 ಲಕ್ಷಕ್ಕೆ ಕೊಂಡಿದ್ದರೆ ಮೊದಲ ದಾರಿಯಲ್ಲಿ 9.75 ಲಕ್ಷ, ಎರಡನೆಯದರಲ್ಲಿ (ಸೂಚ್ಯಂಕ 137ರಿಂದ 376ಕ್ಕೆ) ಸುಮಾರು 11.41 ಲಕ್ಷ. ಮೊದಲನೆಯದೇ ಲಾಭ. ಆದರೆ 2001ರ ಏಪ್ರಿಲ್‌ಗೂ ಹಿಂದಿನ ಆಸ್ತಿಯಾಗಿದ್ದು, ಆಗಿನ ಬೆಲೆ 15 ಲಕ್ಷವೆಂದು ನೋಂದಾಯಿತ ಮೌಲ್ಯಮಾಪಕರು ವರದಿ ಕೊಟ್ಟರೆ ಹಣದುಬ್ಬರದ ದಾರಿಯಲ್ಲಿ 6.72 ಲಕ್ಷಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ 9.375 ಲಕ್ಷ. ಸೆಸ್ ಇದರ ಮೇಲೆ ಬೇರೆ. ಕಟ್ಟಡದ ಮೇಲೆ ವ್ಯಾಪಾರದ ಲೆಕ್ಕದಲ್ಲಿ ಸವಕಳಿ ತೋರಿಸಿದ್ದರೆ ಈ ಲೆಕ್ಕ ಆ ಕಟ್ಟಡಕ್ಕೆ ಅನ್ವಯಿಸದು. ಲೆಕ್ಕಪರಿಶೋಧಕರಿಗೆ ಹಳೆಯ ರಿಟರ್ನ್ ತೋರಿಸಿ.

ಉಳಿಸಲು, ಮಾರಿದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಬಹುದು, ಐದು ವರ್ಷ ತೆಗೆಯುವಂತಿಲ್ಲ. ಮನೆ ಕೊಂಡರೂ ವಿನಾಯಿತಿ ಇದೆ. ಆದರೆ ಮಳಿಗೆ ಮಾರಿದವರು ಲಾಭವನ್ನಷ್ಟೇ ಅಲ್ಲ, ಬಂದ ಪೂರ್ತಿ ಹಣವನ್ನು ಮನೆಗೆ ಹಾಕಿದರೆ ಮಾತ್ರ ಪೂರ್ಣ ವಿನಾಯಿತಿ.

ಪ್ರಶ್ನೆ: ಬಾಡಿಗೆದಾರರನ್ನು ಬಿಡಿಸಿಯೇ ಮಾರಬೇಕೇ? (ಮಡಿಕೇರಿ)

ಉತ್ತರ: ಬೇಕಿಲ್ಲ. ಒಳ್ಳೆಯ ಬಾಡಿಗೆದಾರರಿದ್ದರೆ ಅದೇ ನಿಮ್ಮ ಸರಕು. ಮಾರಾಟವಾದರೂ ಅವರ ಕರಾರು ಮುರಿಯುವುದಿಲ್ಲ, ಮಾಲೀಕರ ಜಾಗದಲ್ಲಿ ಹೊಸಬರು ಬಂದು ನಿಲ್ಲುತ್ತಾರೆ. ಒಬ್ಬೊಬ್ಬರು ಕೊಟ್ಟ ಬಾಡಿಗೆ ಮುಂಗಡ ಎಷ್ಟು ಎಂದು ಅವರಿಂದಲೇ ಸಹಿ ಹಾಕಿಸಿದ ಪಟ್ಟಿ ಮಾಡಿ. ಒಟ್ಟು 4 ಲಕ್ಷವಿದ್ದರೆ ಅಷ್ಟನ್ನು ಮಾರಾಟದ ಹಣದಲ್ಲಿ ಮುರಿದುಕೊಳ್ಳುವುದೆಂದು ಕ್ರಯಪತ್ರದಲ್ಲೇ ಬರೆಸಿ. ಇಲ್ಲವಾದರೆ ಮೂರು ವರ್ಷದ ಮೇಲೆ ಟೈಲರ್ ಅಂಗಡಿ ಬಿಡುವಾಗ ಮುಂಗಡ ಕೇಳಿಕೊಂಡು ನಿಮ್ಮ ಮನೆಗೇ ಬರುತ್ತಾರೆ. ನೋಂದಣಿಯ ದಿನವೇ ‘ಇನ್ನು ಮುಂದೆ ಬಾಡಿಗೆ ಇವರಿಗೆ ಕೊಡಿ’ ಎಂಬ ಪತ್ರಕ್ಕೆ ಇಬ್ಬರೂ ಸಹಿ ಮಾಡಿ ಅಂಗಡಿಗಳಿಗೆ ತಲುಪಿಸಿ, ಸ್ವೀಕೃತಿ ಪಡೆಯಿರಿ. ಅಲ್ಲಿಯವರೆಗೆ ಖಾಲಿ ಮಳಿಗೆಯ ಕೀಲಿಯನ್ನೂ ಖರೀದಿದಾರರಿಗೆ ಕೊಡಬೇಡಿ. ಕರಾರಿನ ಹಂತದಲ್ಲೇ ಸ್ವಾಧೀನ ಕೊಟ್ಟರೆ ಆ ಕರಾರು ಪತ್ರಕ್ಕೇ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುತ್ತದೆ.