ಪಾಸ್ತಾ ಬೇಯಿಸಿದ ಗಂಜಿ ಚೆಲ್ಲಬೇಡಿ

ಪ್ರಶ್ನೆ: ಮೇಡಂ, ಹೋಟೆಲಲ್ಲಿ ತಿನ್ನೋ ಆಲ್ಫ್ರೆಡೊ ಪಾಸ್ತಾ ಎಷ್ಟು ನುಣ್ಣಗಿರತ್ತೆ. ಮನೇಲಿ ನಾನು ಮೈದಾ, ಬೆಣ್ಣೆ, ಹಾಲು, ಕ್ರೀಮು, ಚೀಸು ಎಲ್ಲಾ ಹಾಕಿ ಮಾಡಿದ್ರೂ ಐದೇ ನಿಮಿಷಕ್ಕೆ ಗಟ್ಟಿ ಮುದ್ದೆ ಆಗೋಗತ್ತೆ. ಕ್ರೀಮ್ ಇನ್ನೂ ಜಾಸ್ತಿ ಹಾಕ್ಬೇಕಾ? – ದಾವಣಗೆರೆಯ ಓದುಗರು

ಉತ್ತರ: ಕ್ರೀಮ್ ಜಾಸ್ತಿ ಮಾಡ್ಬೇಡಿ, ಪೂರ್ತಿ ಬಿಟ್ಟುಬಿಡಿ. ಮೈದಾನೂ ಬಿಡಿ. ಬೆಣ್ಣೇಲಿ ಮೈದಾ ಹುರಿದು ಹಾಲು ಹಾಕಿ ಕುದಿಸೋ ಸಾಸ್‌ನ ಇಟಲಿಯವರು ಮುಖ್ಯವಾಗಿ ಲಸಾನ್ಯ ಥರದ ಓವನ್ ಅಡುಗೆಗೆ ಬಳಸ್ತಾರೆ, ತಣ್ಣಗಾದ್ರೆ ಗಟ್ಟಿ ಆಗೋದು ಅದರ ಗುಣಾನೇ, ಅದಕ್ಕೂ ಆಲ್ಫ್ರೆಡೊಗೂ ಸಂಬಂಧ ಇಲ್ಲ.

ಆಲ್ಫ್ರೆಡೊ ಅನ್ನೋದು ಒಬ್ಬ ಮನುಷ್ಯನ ಹೆಸರು. ಆಲ್ಫ್ರೆಡೊ ದಿ ಲೆಲಿಯೊ, ರೋಮ್ ನಗರದವರು. ಅವರ ಮನೆತನದವರು ಹೇಳಿಕೊಂಡು ಬಂದಿರೋ ಕಥೆ ಹೀಗಿದೆ: 1908ರಲ್ಲಿ ಅವರ ಹೆಂಡತಿ ಇನೆಸ್‌ಗೆ ಮಗ ಹುಟ್ಟಿದ, ಹೆರಿಗೆ ಆದ್ಮೇಲೆ ಆಕೆಗೆ ಊಟಾನೇ ಸೇರ್ತಿರ್ಲಿಲ್ಲ, ತುಂಬ ಸೊರಗಿದ್ರು, ಆಗ ಆಲ್ಫ್ರೆಡೊ ಕೈಯಾರೆ ಅಗಲ ಎಳೆಯ ಫೆತ್ತುಚಿನೆ ಪಾಸ್ತಾ ಮಾಡಿ ಬರೀ ಬೆಣ್ಣೆ ಮತ್ತೆ ಪಾರ್ಮೆಸಾನ್ ಚೀಸ್ ಹಾಕಿ ಕಲಸಿ ತಿನ್ನಿಸಿದ್ರಂತೆ. ನಮ್ಮಲ್ಲಿ ಬಾಣಂತಿಗೆ ಬಿಸಿ ಅನ್ನಕ್ಕೆ ತುಪ್ಪ ಸುರಿದು ಮೆಣಸಿನ ಸಾರು ಬಡಿಸ್ತೀವಲ್ಲ, ಅಂಥದ್ದೇ ಊಟ ಅದು. 1914ರಲ್ಲಿ ವಿಯಾ ದೆಲ್ಲಾ ಸ್ಕ್ರೋಫಾ ಅನ್ನೋ ಬೀದೀಲಿ ಅವರು ಸ್ವಂತ ಹೋಟೆಲ್ ತೆಗೆದ್ರು. 1920ರಲ್ಲಿ ಹಾಲಿವುಡ್ಡಿನ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಮದುವೆಯಾದ ಹೊಸತರಲ್ಲಿ ರೋಮ್‌ಗೆ ಹೋದವರು ಅಲ್ಲಿ ಇದನ್ನ ತಿಂದು ಮೆಚ್ಚಿಕೊಂಡ್ರು, ಆಮೇಲೆ ಚಿನ್ನದ ಫೋರ್ಕು ಸ್ಪೂನು ಉಡುಗೊರೆ ಕೊಟ್ರು. ಹಂಗೆ ಇದರ ಹೆಸರು ಅಮೆರಿಕಕ್ಕೆ ಹೋಯ್ತು. ಕ್ರೀಮು, ಬೆಳ್ಳುಳ್ಳಿ ಎಲ್ಲ ಸೇರಿಕೊಂಡಿದ್ದು ಅಲ್ಲಿ, ನಮ್ಮ ಊರುಗಳ ಮೆನುಗೆ ಬಂದಿರೋದೂ ಅಮೆರಿಕದ ಆಲ್ಫ್ರೆಡೊನೇ.

ಹಾಗಾದ್ರೆ ಕ್ರೀಮ್ ಇಲ್ದೆ ಆ ನುಣುಪು ಎಲ್ಲಿಂದ ಬರತ್ತೆ? ಗಂಜಿಯಿಂದ. ಪಾಸ್ತಾ ಬೆಂದ ನೀರಲ್ಲಿ ಹಿಟ್ಟಿನಂಶ ಬಿಟ್ಟಿರತ್ತೆ, ಆ ಗಂಜಿ ಬೆಣ್ಣೆನೂ ನೀರೂ ಬೇರೆ ಬೇರೆ ಆಗದ ಹಾಗೆ ಹಿಡಿದಿಡತ್ತೆ. ನಾವು ಅನ್ನ ಬಸಿದ ಗಂಜಿಗೆ ಉಪ್ಪು ಮಜ್ಜಿಗೆ ಹಾಕಿ ಕುಡಿಯೋ ಜನ, ಪಾಸ್ತಾ ವಿಷಯಕ್ಕೆ ಬಂದಾಗ ಮಾತ್ರ ಅದನ್ನ ಸಿಂಕ್‌ಗೆ ಸುರಿದು, ಮೇಲಿಂದ ತಣ್ಣೀರಲ್ಲಿ ತೊಳೆದು, ಅಂಟಬಾರದು ಅಂತ ಎಣ್ಣೆ ಬೇರೆ ಸವರ್ತೀವಿ. ಆಮೇಲೆ ಸಾಸ್ ಪಾಸ್ತಾಗೆ ಹಿಡಿಯೋದಾದ್ರೂ ಹೇಗೆ.

ಇಬ್ಬರಿಗೆ 160 ಗ್ರಾಂ ಪಾಸ್ತಾ, ಒಂದೂವರೆ ಲೀಟರ್ ನೀರು, ಎರಡು ಟೀ ಸ್ಪೂನ್ ಉಪ್ಪು. ನೀರು ಕಮ್ಮಿ ಇದ್ದಷ್ಟೂ ಗಂಜಿ ಮಂದ ಆಗತ್ತೆ, ಅದಕ್ಕೇ ದೊಡ್ಡ ಹಂಡೆ ಬೇಡ. ಪ್ಯಾಕೆಟ್ ಮೇಲೆ ಬರೆದಿರೋದಕ್ಕಿಂತ ಒಂದು ನಿಮಿಷ ಮುಂಚೆ ಒಂದು ಎಳೆ ಕಚ್ಚಿ ನೋಡಿ, ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣ್ಬೇಕು, ಆಗ ಇಕ್ಕಳದಲ್ಲಿ ಎತ್ತಿ ನೇರ ಬಾಣಲೆಗೆ ಹಾಕಿ. ಬಾಣಲೇಲಿ 60 ಗ್ರಾಂ ಬೆಣ್ಣೆ ಒಂದು ಸೌಟು ಗಂಜಿ ಜೊತೆ ಕರಗಿ ಗುಳುಗುಳು ಅಂತಿರಲಿ. ಒಂದು ನಿಮಿಷ ಕೈಬಿಡದೆ ಆಡಿಸಿ. ಈಗ ಒಲೆ ಆರಿಸಿ. ಮೂವತ್ತು ಸೆಕೆಂಡ್ ಬಿಟ್ಟು 60 ಗ್ರಾಂ ಸಣ್ಣಗೆ ತುರಿದ ಚೀಸ್‌ನ ಮೂರು ಸಲ ಮಾಡಿ ಉದುರಿಸ್ತಾ ಜೋರಾಗಿ ಕಲಸಿ, ಗಟ್ಟಿ ಅನ್ಸಿದ್ರೆ ಒಂದೊಂದೇ ಚಮಚ ಗಂಜಿ. ಮೊದಲು ನೀರು ನೀರಾಗಿ ಕಾಣತ್ತೆ, ಹೆದರ್ಬೇಡಿ, ಹತ್ತು ಹದಿನೈದು ಸಲ ತಿರುವೋ ಹೊತ್ತಿಗೆ ಎಳೆಗಳ ಮೇಲೆ ಹೊಳಪು ಬಂದು ಬಾಣಲೆ ತಳದಲ್ಲಿ ಕೆನೆ ಥರ ನಿಲ್ಲತ್ತೆ. ತಟ್ಟೆನ ಮೊದಲೇ ಬಿಸಿ ನೀರಲ್ಲಿ ಅದ್ದಿ ಒರೆಸಿಟ್ಟಿರಿ, ತಣ್ಣನೆ ತಟ್ಟೆಗೆ ಹಾಕಿದ್ರೆ ಮತ್ತೆ ಬಿಗಿಯತ್ತೆ. ಇದು ಮಾಡಿಟ್ಟು ಆಮೇಲೆ ತಿನ್ನೋದಲ್ಲ, ಮನೆಯವರನ್ನ ಮೊದಲು ಕೂರಿಸಿ ಆಮೇಲೆ ಚೀಸ್ ಹಾಕಿ.

ಪ್ರಶ್ನೆ: ಬರೀ ಚೀಸು ಮೆಣಸಿನ ಕಾಚೊ ಎ ಪೆಪೆ ಪಾಸ್ತಾ ಮಾಡೋಕೆ ಹೋದೆ, ಮೂರು ಸಲನೂ ಚೀಸ್ ಒಡೆದು ರಬ್ಬರ್ ಥರ ಗಂಟಾಯ್ತು. ಚೀಸ್ ದುಬಾರಿ, ಇನ್ನೊಂದು ಸಲ ಕೆಡಿಸೋ ಧೈರ್ಯ ಇಲ್ಲ. – ಮೈಸೂರಿನ ಓದುಗರು

ಉತ್ತರ: ನಾನು ಹೋಟೆಲ್ ಕಿಚನ್ ಸೇರಿದ ಮೊದಲ ವರ್ಷ ಉರೀತಿರೋ ಒಲೆ ಮೇಲೇ ಚೀಸ್ ಹಾಕಿ ಎಂಟು ಪ್ಲೇಟ್ ಒಟ್ಟಿಗೆ ಕೆಡಿಸಿದ್ದೆ, ಸೌಟು ಎತ್ತಿದ್ರೆ ಚೀಸ್ ಪೂರ್ತಿ ಒಂದೇ ಉಂಡೆಯಾಗಿ ಅದಕ್ಕೆ ಅಂಟಿಕೊಂಡು ಬಂತು, ಆವತ್ತಿನ ಸಂಕಟ ಇವತ್ತಿಗೂ ನೆನಪಿದೆ. ಬಿಸಿ ಜಾಸ್ತಿ ಆದ್ರೆ ಚೀಸಿನ ಪ್ರೊಟೀನ್ ಒಂದಕ್ಕೊಂದು ಅಂಟ್ಕೊಂಡು ಉಂಡೆ ಕಟ್ಟತ್ತೆ, ಗಂಜಿ ಸಾಕಷ್ಟಿದ್ರೆ ಅದನ್ನ ತಡೆಯತ್ತೆ. ಇಟಲಿಯ ಭೌತವಿಜ್ಞಾನಿಗಳು ಇದನ್ನೇ ಲ್ಯಾಬಲ್ಲಿ ಕೂತು ಅಳೆದು ನೋಡಿ 2025ರಲ್ಲಿ ಪೇಪರ್ ಪ್ರಕಟಿಸಿದ್ರು. ಚೀಸ್ ತೂಕದ 2ರಿಂದ 3% ಸ್ಟಾರ್ಚ್ (ಗಂಜೀಲಿರೋ ಹಿಟ್ಟಿನಂಶ) ಇದ್ರೆ ಸಾಸ್ ಒಡೆಯಲ್ಲ, 1%ಗಿಂತ ಕಮ್ಮಿ ಆದ್ರೆ ಗಂಟಾಗತ್ತೆ, 4% ದಾಟಿದ್ರೆ ಬಿಗಿದುಕೊಳ್ಳತ್ತೆ ಅನ್ನೋದು ಅವರಿಗೆ ಸಿಕ್ಕ ಲೆಕ್ಕ.

ನಿಮಗೆ ಅನುಕೂಲ ಆಗೋ ಹಾಗೆ ಹೇಳೋದಾದ್ರೆ, 100 ಗ್ರಾಂ ಚೀಸಿಗೆ ಒಂದು ಟೀ ಸ್ಪೂನ್ ಕಾರ್ನ್‌ಫ್ಲೋರ್. ಅದನ್ನ ಸ್ವಲ್ಪ ನೀರಲ್ಲಿ ಕಲಸಿ ಸಣ್ಣ ಉರೀಲಿ ಗಂಜಿ ಥರ ಪಾರದರ್ಶಕ ಆಗೋವರೆಗೆ ಕಾಯಿಸಿ, ಆರಿಸಿ, ಅದಕ್ಕೆ ತುರಿದ ಚೀಸ್ ಹಾಕಿ ಮಿಕ್ಸೀಲಿ ಒಂದು ಸುತ್ತು ತಿರುವಿಬಿಡಿ. ಕಾಳುಮೆಣಸು ಒಣ ಬಾಣಲೇಲಿ ಘಮ್ ಅನ್ನೋವರೆಗೆ ಹುರಿದು ಕುಟ್ಟಾಣೀಲಿ ತರಿತರಿಯಾಗಿ ಕುಟ್ಟಿ. ಬಸಿದ ಪಾಸ್ತಾ ಒಂದು ನಿಮಿಷ ಆರಿದ ಮೇಲೆ ಈ ಸಾಸು, ಮೆಣಸು ಎರಡನ್ನೂ ಅದಕ್ಕೆ ಕಲಸಿ. ಈ ಸಲ ಕೆಡಲ್ಲ.

ಪ್ರಶ್ನೆ: ಟೊಮೆಟೊ ಇಟಲಿಯದ್ದಲ್ಲ ಅಂತ ಓದಿದೆ, ನಿಜವಾ? ಹಾಗಾದ್ರೆ ಮುಂಚೆ ಏನು ತಿಂತಿದ್ರು? ಮಾರ್ಕೊ ಪೋಲೊ ಚೀನಾದಿಂದ ನೂಡಲ್ಸ್ ತಂದ ಅನ್ನೋದು? – ಧಾರವಾಡದ ವಿದ್ಯಾರ್ಥಿನಿ

ಉತ್ತರ: ಮೊದಲು ಮಾರ್ಕೊ ಪೋಲೊ ವಿಷಯ ಮುಗಿಸೋಣ. ಅವನು ವೆನಿಸ್‌ಗೆ ವಾಪಸ್ ಬಂದಿದ್ದು 1295ರಲ್ಲಿ. ಅದಕ್ಕಿಂತ ಮುಂಚೆ, 1279ರಲ್ಲೇ, ಜಿನೋವಾದಲ್ಲಿ ಒಬ್ಬ ಸೈನಿಕನ ಆಸ್ತಿ ಪಟ್ಟೀಲಿ ಒಂದು ಪೆಟ್ಟಿಗೆ ಮ್ಯಾಕರೋನಿ ಅಂತ ನೋಟರಿ ಬರೆದಿಟ್ಟಿದಾನೆ. ಅದಕ್ಕೂ ಹಿಂದೆ 1154ರಲ್ಲಿ ಅಲ್ ಇದ್ರಿಸಿ ಅನ್ನೋ ಅರಬ್ ಭೂಗೋಳಜ್ಞ ಸಿಸಿಲಿಯ ತ್ರಾಬಿಯಾ ಊರಲ್ಲಿ ಇತ್ರಿಯಾ ಅನ್ನೋ ಪಾಸ್ತಾ ರಾಶಿಗಟ್ಟಲೆ ಮಾಡಿ ಹಡಗಲ್ಲಿ ಕಳಿಸ್ತಾರೆ ಅಂತ ದಾಖಲಿಸಿದಾನೆ. ನಿಮ್ಮ ಕಡೆ ಬೇಸಿಗೇಲಿ ಶಾವಿಗೆ ಹೊಸೆದು ಒಣಗಿಸಿ ವರ್ಷಕ್ಕಾಗೋಷ್ಟು ಡಬ್ಬಿಗೆ ತುಂಬಿಡ್ತಾರಲ್ಲ, ಅದೇ ಬುದ್ಧಿ.

ಟೊಮೆಟೊ ವಿಷಯಕ್ಕೆ ತಿಥಿ ಅಡುಗೆ ನೆನೆಸಿಕೊಳ್ಳಿ. ಟೊಮೆಟೊ ಇಲ್ಲ, ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಖಾರಕ್ಕೆ ಕಾಳುಮೆಣಸು. ಹೊರಗಿಂದ ಆಮೇಲೆ ಬಂದ ತರಕಾರಿ ಸೇರಿಸದ ಹಳೇ ಅಡುಗೆ ಅಲ್ಲಿ ಹಾಗೇ ಉಳ್ಕೊಂಡಿದೆ. ಇಟಲಿಯಲ್ಲೂ ಹಾಗೇ, ಪಾಸ್ತಾ ಅಂದ್ರೆ ನೂರಾರು ವರ್ಷ ತುರಿದ ಚೀಸು, ಬೆಣ್ಣೆ, ಮಸಾಲೆ, ಮೇಲಿನ ಕಾಚೊ ಎ ಪೆಪೆ ರುಚಿ ಆ ಕಾಲಕ್ಕೆ ಹತ್ತಿರದ್ದು. ಟೊಮೆಟೊ ಅಮೆರಿಕ ಖಂಡದಿಂದ ಬಂದಿದ್ದು, 1544ರಲ್ಲಿ ಮತ್ತಿಯೋಲಿ ಅನ್ನೋ ವೈದ್ಯ ಅದರ ಬಗ್ಗೆ ಬರೆದ, ಆದ್ರೂ ಜನ ಅದನ್ನ ಬಹಳ ಕಾಲ ಅನುಮಾನದಿಂದಾನೇ ನೋಡಿದ್ರು. 1690ರ ದಶಕದಲ್ಲಿ ನೇಪಲ್ಸ್‌ನ ಅಡುಗೆ ಮುಖ್ಯಸ್ಥ ಆಂತೋನಿಯೊ ಲತೀನಿ ಟೊಮೆಟೊ ಸಾಸ್ ಬರೆದಾಗ ಅದಕ್ಕೆ ಸ್ಪೇನ್ ಶೈಲಿಯದ್ದು ಅಂತ ಹೆಸರಿಟ್ಟ. ಶಾವಿಗೆಯಂಥ ವರ್ಮಿಚೆಲ್ಲಿಗೆ ಟೊಮೆಟೊ ಹಾಕೋದನ್ನ ನೇಪಲ್ಸ್‌ನವರೇ ಆದ ಇಪ್ಪೋಲಿತೊ ಕಾವಲ್ಕಾಂತಿ ಬರೆದಿದ್ದು 1839ರಲ್ಲಿ, ಅಂದ್ರೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ!

ಇಟಲಿ ಅನ್ನೋ ದೇಶ ಒಂದಾಗಿದ್ದೇ 1861ರಲ್ಲಿ. ಅಲ್ಲೀವರೆಗೆ ಸಿಸಿಲಿಯವರ ಊಟ ಬೇರೆ, ಮಿಲಾನ್‌ನವರ ಊಟ ಬೇರೆ, ಈಗಲೂ ಬಹುಪಾಲು ಹಾಗೇ ಇದೆ, ಮಂಗಳೂರಿನ ಅಡುಗೆಗೂ ಬಿಜಾಪುರದ ಅಡುಗೆಗೂ ಇರೋಷ್ಟು ಅಂತರ. 1891ರಲ್ಲಿ ಪೆಲ್ಲೆಗ್ರಿನೊ ಆರ್ತೂಜಿ ಅನ್ನೋ ವ್ಯಾಪಾರಿ ಮನೆಯಡುಗೆ ಪುಸ್ತಕವನ್ನ ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದ್ರು. ಮೊದಲು 475 ಅಡುಗೆ ಇದ್ದಿದ್ದು ಒಂದೊಂದು ಮುದ್ರಣಕ್ಕೂ ಬೆಳೀತಾ ಕೊನೆಗೆ 790 ಆಯ್ತು, ದೇಶದ ಮೂಲೆಮೂಲೆಯಿಂದ ಹೆಂಗಸರು ಪತ್ರ ಬರೆದು ತಮ್ಮ ಮನೆ ಅಡುಗೆ ಕಳಿಸ್ತಿದ್ರು. ನನಗೆ ಆ ಪತ್ರಗಳ ಬಗ್ಗೆ ತುಂಬ ಗೌರವ, ಯಾಕಂದ್ರೆ ನಾವು ಇವತ್ತು ದುಡ್ಡು ಕೊಟ್ಟು ರೆಸ್ಟೊರೆಂಟಲ್ಲಿ ತಿನ್ನೋದರ ತಾಯಿಬೇರು ಆ ಅಡುಗೆಮನೆಗಳಲ್ಲೇ ಇದೆ. ಕಳೆದ 2025ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಇಟಲಿಯ ಅಡುಗೆ ಸಂಪ್ರದಾಯವನ್ನ ಪರಂಪರೆ ಪಟ್ಟಿಗೆ ಸೇರಿಸ್ತು, ಆ ಸಭೆ ನಡೆದಿದ್ದು ನಮ್ಮ ದೆಹಲೀಲಿ, ನಮ್ಮ ದೀಪಾವಳಿನೂ ಅದೇ ಸಭೇಲಿ ಸೇರ್ತು.

ಮನೇಲಿ ಸಾಸ್ ಮಾಡೋವಾಗ ಒಂದು ಮಾತು. ನಾಟಿ ಟೊಮೆಟೊ ಸಾರಿಗೆ ಚೆನ್ನ, ಇದಕ್ಕೆ ಹುಳಿನೂ ರಸಾನೂ ಜಾಸ್ತಿ ಆಗತ್ತೆ. ಉದ್ದನೆಯ, ತಿರುಳು ದಪ್ಪ ಇರೋ, ಪೂರ್ತಿ ಕೆಂಪಾದ ಹಣ್ಣು ಆರಿಸಿ, ಬೀಜ ತೆಗೆದು ಇಪ್ಪತ್ತೈದು ನಿಮಿಷ ಸಣ್ಣ ಉರೀಲಿ ಬತ್ತಿಸಿ, ಆಮೇಲೆ ಕೆಚಪ್ ಬೇಕು ಅನ್ಸೋದೇ ಇಲ್ಲ.

ಪ್ರಶ್ನೆ: ಸೋನಾ ಮಸೂರಿಯಲ್ಲಿ ರಿಸೊಟ್ಟೊ ಆಗತ್ತಾ? – ಬೆಂಗಳೂರಿನ ಓದುಗರು

ಉತ್ತರ: ಆಗಲ್ಲ, ಪೊಂಗಲ್ ಆಗತ್ತೆ. ರಿಸೊಟ್ಟೊ ಅಂದ್ರೆ ಇಟಲಿಯ ಕೆನೆಯಂಥ ಅನ್ನ, ಅದಕ್ಕೆ ಬಳಸೋ ಆರ್ಬೋರಿಯೊ, ಕಾರ್ನರೋಲಿ ಅಕ್ಕಿ ದಪ್ಪ, ಹೊರಗಡೆ ಗಂಜಿ ಬಿಟ್ರೂ ಒಳಗಡೆ ಕಾಳು ಗಟ್ಟಿಯಾಗಿ ನಿಲ್ಲತ್ತೆ. ಅರ್ಧ ಕೆಜಿ ತಂದ್ರೆ ನಾಲ್ಕು ಜನಕ್ಕೆ ಒಂದೂವರೆ ಹೊತ್ತಿಗೆ ಆಗತ್ತೆ. ತೊಳೀಬೇಡಿ ಮಾತ್ರ, ತೊಳೆದ್ರೆ ಬೇಕಾದ ಗಂಜಿನೇ ಹೊರಟುಹೋಗತ್ತೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಪಾರ್ಮೆಸಾನ್ ತಿನ್ನಬಹುದಾ? – ಉಡುಪಿಯ ಓದುಗರು

ಉತ್ತರ: ಅಸಲಿ ಪಾರ್ಮಿಜಾನೊ ರೆಜ್ಜಾನೊ ನಿಮಗಾಗಲ್ಲ. ಹಾಲು, ಉಪ್ಪು, ಹಾಲು ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಇಷ್ಟರಲ್ಲೇ ಮಾಡ್ಬೇಕು ಅಂತ ಅದರ ನಿಯಮ. ಕಾಚೊ ಎ ಪೆಪೆಗೆ ಹಾಕೋ ಕುರಿಹಾಲಿನ ಚೀಸ್ ಪೆಕೊರಿನೊ ರೊಮಾನೊ ಕೂಡ ಪ್ರಾಣಿಮೂಲದ ರೆನೆಟ್‌ನದ್ದೇ. ರೆಸ್ಟೊರೆಂಟಲ್ಲಿ ವೆಜ್ ಅಂತ ಬರೆದಿದ್ರೂ ಯಾವ ಚೀಸ್ ಹಾಕ್ತೀರ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ. ಮನೆಗೆ ತರೋವಾಗ ಹಸಿರು ಚುಕ್ಕೆ ಇದ್ದು ಮೈಕ್ರೋಬಿಯಲ್ ರೆನೆಟ್ (ಪ್ರಾಣಿಯಿಂದಲ್ಲ, ಸೂಕ್ಷ್ಮಜೀವಿಗಳಿಂದ ಮಾಡಿದ್ದು) ಅಂತ ಬರೆದಿರೋ ಹಾರ್ಡ್ ಚೀಸ್ ನೋಡಿ, ಮೇಲಿನ ಎರಡೂ ಅಡುಗೆ ಅದರಲ್ಲೂ ಚೆನ್ನಾಗೇ ಬರತ್ತೆ. ಪುಡಿ ಮಾಡಿ ಡಬ್ಬೀಲಿ ಮಾರೋದು ತಗೋಬೇಡಿ, ಅಂಟದೇ ಇರಲಿ ಅಂತ ಅದಕ್ಕೆ ಬೇರೆ ಪುಡಿ ಸೇರಿಸಿರ್ತಾರೆ, ಎಷ್ಟು ಕಲಸಿದ್ರೂ ಕರಗಲ್ಲ. ಗಟ್ಟಿ ತುಂಡೇ ತಂದು, ಮಾಡೋ ಹೊತ್ತಿಗೆ ತುರಿಯೋ ಮಣೆಯ ಅತಿ ಸಣ್ಣ ಕಣ್ಣಿನ ಕಡೆ ತುರ್ಕೊಳ್ಳಿ.